ಏಳು ಬೆಲ್ಟ್ ಎಂದು ಬರೆದಿದ್ದೆ

ಮನೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ

ನನ್ನ ಪ್ರೀತಿಯ ಕೊಕ್ಕೆಗೆ,

ಅಜ್ಜಿಯ ಆಶೀರ್ವಾದ. ಹೇಗಿದ್ದೀಯ ಮಗಳೇ? ಬಲ ಭುಜದ ನೋವು ಕಡಿಮೆಯಾಯಿತೇ? ಲಾರಿಯ ಸರಕು ಬಿಗಿಯುವ ಬೆಲ್ಟಿನ ಹಿಡಿಕೆಯನ್ನು ಒಂದೇ ಕೈಯಲ್ಲಿ ಎಳೆಯಬೇಡ, ಮೈಭಾರ ಪೂರ್ತಿ ಬಿಟ್ಟು ಎಳೆ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಈಗ ಮಕ್ಕಳಿಗೆ ಪಾಠ ಹೇಳುವ ಮೇಡಂ ಆಗಿದ್ದೀಯ, ನನ್ನ ಮಾತು ಯಾಕೆ ಕೇಳುತ್ತೀಯ. ನನ್ನ ವಿಷಯ ಕೇಳಿದ್ದೆಯಲ್ಲ, ಹೊಟ್ಟೆ ಚೆನ್ನಾಗಿದೆ, ಕಣ್ಣು ಪರವಾಗಿಲ್ಲ, ಮಂಡಿಗಳು ಮಾತ್ರ ನನ್ನ ಮಾತಿಗೆ ಎದುರುತ್ತರ ಕೊಡಲು ಕಲಿತಿವೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದರು. ಎರಡನೇ ಮಹಡಿಯಲ್ಲಿ ಮನೆ ಮಾಡಿಕೊಂಡವಳು ಹಾರಿ ಬರಬೇಕೇ ಅಂತ ಕೇಳಿದೆ, ನಕ್ಕು ಮಾತ್ರೆ ಬರೆದುಕೊಟ್ಟರು. ಕೆಳಗಿನ ಮಳಿಗೆಯ ದರ್ಜಿ ಹಾಲು, ಬ್ರೆಡ್ಡು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. ಕಾಗದ ಬರೆಯುವ ಕೈಯೊಂದು ಗಟ್ಟಿ ಇದೆ, ಅಷ್ಟು ಸಾಕು. ನಿನ್ನನ್ನು ಈಗಲೂ ಕೊಕ್ಕೆ ಅಂತ ಕರೆದರೆ ಮುನಿಸಿಕೊಳ್ಳಬೇಡ. ಎರಡು ವರ್ಷದವಳಿದ್ದಾಗ ನಾನು ಕೆಲಸಕ್ಕೆ ಹೊರಟರೆ ನನ್ನ ಕೋಟಿನ ಜೇಬಿಗೆ ಬೆರಳು ಸಿಕ್ಕಿಸಿ ನೇತಾಡುತ್ತಿದ್ದೆ, ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ಆ ಹೆಸರಿಟ್ಟವನು ನನ್ನ ಮಗ, ನಿನ್ನಪ್ಪ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಅಲ್ಲವೇ? ಅವನ ಬಗ್ಗೆ ಒಳ್ಳೆಯದಾದ ಯಾವುದನ್ನೂ ನಾನು ಹೇಳಿಲ್ಲ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಲಾರಿ ಡ್ರೈವರುಗಳ ತರಬೇತಿ ಶಾಲೆಯಲ್ಲಿ ನೀನೇ ಪಾಠ ಮಾಡುತ್ತಿದ್ದೀಯ ಅನ್ನುವ ಸಾಲು ಓದಿ ಕುರ್ಚಿಯಿಂದ ಎದ್ದೇಬಿಟ್ಟೆ, ಮಂಡಿ ಬೇಡವೆಂದರೂ. ದರ್ಜಿಗೆ ಹೇಳಿದೆ, ಔಷಧಿ ಅಂಗಡಿಯವಳಿಗೆ ಹೇಳಿದೆ, ಹಾದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಆಮೇಲೆ ಎರಡನೇ ಹಾಳೆ ತಿರುಗಿಸಿದೆ. ಪ್ರತಿ ಹೊಸ ತಂಡಕ್ಕೂ ಮೊದಲ ದಿನ ನೀನು ಒಂದು ಕಥೆ ಹೇಳುತ್ತೀಯಂತೆ. ಒಬ್ಬ ಡ್ರೈವರ್ ಇದ್ದ, ಊರು ಸೇರಿದ ಮೇಲೆ ಸರಕು ಬೇಗ ಇಳಿಸಬಹುದು ಅಂತ ಏಳು ಬೆಲ್ಟುಗಳಲ್ಲಿ ಮೂರನ್ನು ದಾರಿಯಲ್ಲೇ ಬಿಚ್ಚಿ ಪೆಟ್ಟಿಗೆಗೆ ಹಾಕಿದ, ಸೇತುವೆ ತಿರುವಿನಲ್ಲಿ ಸತ್ತ, ಅವನಿಗೆ ನಾಲ್ಕು ವರ್ಷದ ಮಗಳಿದ್ದಳು, ಆ ಮಗಳು ನಾನೇ ಅಂತ. ಅಷ್ಟು ಹೇಳಿದರೆ ತರಗತಿ ಉಸಿರು ಬಿಗಿಹಿಡಿದು ಕೂರುತ್ತದೆ, ಆಮೇಲೆ ಯಾರೂ ಬೆಲ್ಟು ಮರೆಯುವುದಿಲ್ಲ, ಅಪ್ಪ ಸತ್ತ ಮೇಲಾದರೂ ಒಂದು ಉಪಯೋಗಕ್ಕೆ ಬಂದ ಅಂತ ಬರೆದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮಗಳೇ, ಆ ಕಥೆ ಸುಳ್ಳು. ಕಟ್ಟಿದವಳು ನಾನು. ನಿನ್ನಪ್ಪ ಒಂದು ಬೆಲ್ಟನ್ನೂ ಬಿಚ್ಚಲಿಲ್ಲ. ಇದನ್ನು ಓದಿದ ಮೇಲೆ ನೀನು ನನಗೆ ಕಾಗದ ಬರೆಯುವುದನ್ನೇ ನಿಲ್ಲಿಸಬಹುದು ಅಂತ ನನಗೆ ಭಯವಿದೆ, ಆ ಭಯಕ್ಕೇ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನೀನು ಅವನನ್ನು ಮತ್ತೆ ಮತ್ತೆ ತರಗತಿಯಲ್ಲಿ ನಿಲ್ಲಿಸಿ ಅವಮಾನ ಮಾಡುವುದನ್ನು ತಿಳಿದೂ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನಮ್ಮ ಕಾಗದದ ಕಾರ್ಖಾನೆಯ ಅಂಗಳ ನಿನಗೆ ನೆನಪಿರಲಾರದು. ಅಲ್ಲಿ ನಾನು ಇಪ್ಪತ್ತೇಳು ವರ್ಷ ಬೆಲ್ಟು ಬಿಗಿದವಳು. ಗಂಡಸರು ಮೊದಮೊದಲು ನಕ್ಕರು, ಆಮೇಲೆ ನಾನು ಬಿಗಿದ ಬೆಲ್ಟನ್ನು ಬಿಚ್ಚಲಾಗದೆ ಬೆವರಿದರು. ಪರದೆಯ ಟ್ರೇಲರಿನ ವಿಷಯ ನಿನಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು, ಆದರೂ ನೋಡು, ಎರಡೂ ಪಕ್ಕ ಗೋಡೆಯ ಬದಲು ಎಳೆಯುವ ಆ ಟಾರ್ಪಾಲಿನ ಪರದೆ ಇರುವುದು ಮಳೆಗೆ, ಭಾರಕ್ಕಲ್ಲ. ಹೊರಗಿನಿಂದ ನೋಡಿದವರಿಗೆ ಅದು ಗೋಡೆಯಂತೆ ಕಾಣುತ್ತದೆ, ಬಿಗಿದರೆ ಕೈಯಲ್ಲಿ ತಟ್ಟಿದಾಗ ಗೋಡೆಯಂತೆಯೇ ಸದ್ದು ಮಾಡುತ್ತದೆ, ಮೋಸ ಹೋಗುವುದೇ ಅಲ್ಲಿ. ನಮ್ಮದು ಕಾಗದದ ಉರುಳೆಗಳು. ಕಾಗದವಲ್ಲವೇ, ಏನು ಮಹಾ ಭಾರ ಅನ್ನುತ್ತಾರೆ ಜನ. ಒಂದೊಂದು ಉರುಳೆ ಒಂದೂವರೆ ಟನ್ನು. ಜೋಡಿ ಜೋಡಿಯಾಗಿ ಏಳು ಸಾಲು, ಒಟ್ಟು ಹದಿನಾಲ್ಕು, ನೆಟ್ಟಗೆ ನಿಂತಿರುತ್ತವೆ. ಮೊದಲ ಸಾಲನ್ನು ಮುಂದಿನ ಗೋಡೆಗೆ ಒತ್ತಿ ನಿಲ್ಲಿಸಬೇಕು, ಕೆಳಗೆ ಜಾರದ ರಬ್ಬರು ಹಾಸಬೇಕು, ಅಂಚಿಗೆ ರಟ್ಟಿನ ಮೂಲೆ ಇಡಬೇಕು, ಸಾಲಿಗೊಂದು ಬೆಲ್ಟು ಮೇಲಿಂದ ಹಾಯಿಸಿ ಎರಡೂ ಪಕ್ಕದ ಕಬ್ಬಿಣಕ್ಕೆ ಕೊಕ್ಕೆ ಹಾಕಿ ಬಿಗಿಯಬೇಕು. ಎಲ್ಲ ಮುಗಿದ ಮೇಲೆ ಪರದೆ ಎಳೆದು, ತುದಿಯ ಕಂಬ ತಿರುಗಿಸಿ, ಕೆಳಗಿನ ಇಪ್ಪತ್ತನಾಲ್ಕು ಬಕಲ್ ಹಾಕಬೇಕು. ಇನ್ನು ನಮ್ಮ ಅಂಗಳದ ಒಂದು ಪದ್ಧತಿ ಹೇಳುತ್ತೇನೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಬೆಲ್ಟು ಬಿಗಿದವರೇ ಪರದೆ ಹಾಕಬೇಕು. ಪರದೆ ಬಿದ್ದಿದೆ ಎಂದರೆ ಒಳಗೆ ಕೆಲಸ ಮುಗಿದಿದೆ ಎಂದು. ಡ್ರೈವರ್ ಮತ್ತೆ ತೆರೆದು ನೋಡುವ ಹಾಗಿಲ್ಲ. ಹಾಗೆ ತೆರೆದರೆ ಬೆಲ್ಟು ಬಿಗಿದವರ ಮುಖಕ್ಕೆ ಹೊಡೆದ ಹಾಗೆ. ಡ್ರೈವರೇ ಪರೀಕ್ಷಿಸಬೇಕು ಅಂತ ಗೋಡೆಯ ಮೇಲಿನ ಹಲಗೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು, ಆ ಹಲಗೆಯ ಮೊಳೆಗೆ ನಾವೆಲ್ಲ ಊಟದ ಚೀಲ ನೇತುಹಾಕುತ್ತಿದ್ದೆವು. ನಮ್ಮ ಪದ್ಧತಿಯ ಬಗ್ಗೆ ನಮಗೆ ಬಹಳ ಹೆಮ್ಮೆ ಇತ್ತು.

ಆ ದಿನ ನಿನ್ನಪ್ಪನ ಟ್ರೇಲರು ಲೋಡು ಹಾಕುವ ಮೊದಲನೇ ಕಟ್ಟೆಗೆ ಬಂತು. ನನ್ನ ಕೈಯಲ್ಲೇ ಲೋಡು ಆಗಬೇಕು ಅಂತ ಸರದಿ ಬಿಟ್ಟುಕೊಟ್ಟು ಕಾಯುತ್ತಿದ್ದ, ಹುಚ್ಚ. ಅದಕ್ಕೇ ತಡವಾಗುತ್ತಿತ್ತು. ನಮ್ಮ ಅಂಗಳದ ಮೇಲ್ವಿಚಾರಕನಿಗೆ ಗಡಿಯಾರ ಅಂತ ಅಡ್ಡಹೆಸರು, ಎದುರಿಗಿದ್ದವರ ಮುಖ ನೋಡುವ ಮೊದಲು ಕೈಗಡಿಯಾರ ನೋಡಿಕೊಳ್ಳುವ ಮನುಷ್ಯ. ಆ ವಾರ ಎರಡು ಸಲ ತಡವಾಗಿದ್ದಕ್ಕೆ ಗಡಿಯಾರ ನಿನ್ನಪ್ಪನಿಗೆ ಎಲ್ಲರೆದುರು ಹೇಳಿದ್ದ, ಮೂರನೇ ಸಲವಾದರೆ ಬೀಗದ ಕೈ ಕೊಟ್ಟು ಮನೆಗೆ ಹೋಗು ಅಂತ. ನಿನ್ನಮ್ಮ ತೀರಿಕೊಂಡು ಆಗ ಮೂರು ವರ್ಷ, ನೀನು ದಿನವೆಲ್ಲ ಪಕ್ಕದ ಮನೆಯಲ್ಲಿ, ಅವನಿಗೆ ಆ ಕೆಲಸ ಬೇಕೇ ಬೇಕಿತ್ತು. ಹದಿನಾಲ್ಕು ಉರುಳೆ ಏರಿದವು. ಅವನು ಲೋಡಿನ ಚೀಟಿಗಳಿಗೆ ಮುದ್ರೆ ಹಾಕಿಸಲು ಆಫೀಸಿಗೆ ಹೋದ. ನಾನು ಬೆಲ್ಟು ಹಾಕುವ ಮೊದಲೇ ಚೀಟಿಯಲ್ಲಿ ಏಳು ಅಂತ ಬರೆದು ಸಹಿ ಮಾಡಿ ಅವನ ಕೈಗೆ ಕೊಟ್ಟಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದೆವು, ಕೈ ಕೊಳೆಯಾದ ಮೇಲೆ ಪೆನ್ನು ಹಿಡಿಯುವುದು ಯಾರಿಗೆ ಬೇಕು. ನಾಲ್ಕನೇ ಸಾಲು ಬಿಗಿದು ಮುಗಿಸುವಾಗ ಗಾಳಿ ಎದ್ದಿತು, ಮಳೆ ಅಡ್ಡಡ್ಡ ಬೀಸಿ ಕಟ್ಟೆಯೊಳಗೇ ನುಗ್ಗಿತು. ಉರುಳೆಗೆ ನೀರು ತಾಗಿದರೆ ಅಷ್ಟೂ ವಾಪಸ್ಸು, ತಪ್ಪು ಡ್ರೈವರನದು. ನಾನು ಓಡಿ ಒಂದು ಪಕ್ಕದ ಪರದೆ ಎಳೆದೆ, ಇನ್ನೊಂದು ಪಕ್ಕದ್ದೂ ಎಳೆದೆ, ಪಟಪಟ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ ಕಂಬ ತಿರುಗಿಸಿ ಬಕಲ್ಲುಗಳನ್ನೂ ಹಾಕಿಬಿಟ್ಟೆ. ಹಿಂದಿನ ಮೂರು ಸಾಲು, ಆರು ಉರುಳೆ, ಒಂಬತ್ತು ಟನ್ನು, ಬೆಲ್ಟಿಲ್ಲದೆ ಒಳಗೆ ನಿಂತಿದ್ದವು. ಮಳೆ ನಿಂತ ಮೇಲೆ ತೆರೆದು ಉಳಿದ ಮೂರು ಬಿಗಿದರಾಯಿತು ಅಂದುಕೊಂಡೆ. ಇಪ್ಪತ್ತೇಳು ವರ್ಷದಲ್ಲಿ ನಾನು ಪದ್ಧತಿ ಮುರಿದದ್ದು ಅದೊಂದೇ ಸಲ. ಅಷ್ಟರಲ್ಲಿ ಎರಡನೇ ಕಟ್ಟೆಯಿಂದ ಕೂಗಿದರು, ಅಲ್ಲಿ ಪರದೆ ಎಳೆಯುತ್ತಿದ್ದವರಿಗೆ ಇನ್ನೊಂದು ಕೈ ಬೇಕಿತ್ತು, ಓಡಿದೆ. ನಿನ್ನಪ್ಪ ಆಫೀಸಿನಿಂದ ಬಂದ, ಎರಡೂ ಪಕ್ಕ ಪರದೆ ಬಿದ್ದಿದ್ದನ್ನು ನೋಡಿದ. ಅಮ್ಮ ಪರದೆ ಹಾಕಿದ್ದಾಳೆ ಎಂದರೆ ಇನ್ನೇನು ನೋಡುವುದಿದೆ. ಹೊರಟುಬಿಟ್ಟ. ನಾನು ತಿರುಗುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ಕೂಗಿದೆ, ಮಳೆಯಲ್ಲಿ ಯಾರಿಗೆ ಕೇಳಬೇಕು.

ಸೇತುವೆಗೆ ಇಳಿಯುವ ತಿರುವಿನಲ್ಲಿ ಹಿಂದಿನ ಉರುಳೆಗಳು ಪಕ್ಕಕ್ಕೆ ವಾಲಿದವು. ಪರದೆ ಸ್ವಲ್ಪ ಹೊತ್ತು ತಡೆಯಿತಂತೆ, ಹೊಟ್ಟೆ ಉಬ್ಬಿಸಿ. ಆಮೇಲೆ ಹರಿಯಿತು. ಭಾರ ಒಂದೇ ಕಡೆಗೆ ಹೋಗಿ ಟ್ರೇಲರು ಮಗುಚಿತು, ಅವನು ಕೂತಿದ್ದ ಮುಂದಿನ ಎಂಜಿನ್ನಿನ ಗಾಡಿಯನ್ನೂ ಎಳೆದುಕೊಂಡು ಸೇತುವೆಯ ಗೋಡೆಗೆ ಬಡಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ನಾಲ್ಕನೇ ದಿನ ವಿಚಾರಣೆಯ ಅಧಿಕಾರಿ ಬಂದ, ದಪ್ಪ ಕನ್ನಡಕ, ಮೆತ್ತಗಿನ ದನಿ. ಚೀಟಿಯಲ್ಲಿ ಏಳು ಅಂತಿದೆ, ಗಾಡಿಯಲ್ಲಿ ನಾಲ್ಕು ಸಿಕ್ಕಿದೆ, ಮೂರು ಸುರುಳಿ ಸುತ್ತಿ ಪಕ್ಕದ ಪೆಟ್ಟಿಗೆಯಲ್ಲಿದ್ದವು, ನೀವು ಎಷ್ಟು ಹಾಕಿದಿರಿ ಅಂತ ಕೇಳಿದ. ನನ್ನ ಎದುರಿಗೆ ಎರಡು ದಾರಿ ಇದ್ದವು. ನಿಜ ಹೇಳಿದ್ದರೆ ಕೆಲಸ ಅವತ್ತೇ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ, ನೀನು ಪಕ್ಕದ ಮನೆಯ ಚಾಪೆಯ ಮೇಲೆ ಬೆರಳು ಚೀಪುತ್ತಾ ಕೂತಿದ್ದೆ. ನಿನಗೋಸ್ಕರ ಸುಳ್ಳು ಹೇಳಿದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಅರ್ಧ ನಿಜವೂ ಹೌದು. ಉಳಿದ ಅರ್ಧ, ನನಗೆ ಹೆದರಿಕೆಯಾಯಿತು. ಅಂಗಳದವರೆಲ್ಲ ನಿಂತಿದ್ದರು, ಅವರ ಮುಂದೆ ಮಗನನ್ನು ಕೊಂದವಳು ಅನ್ನಿಸಿಕೊಳ್ಳಲು ಧೈರ್ಯ ಬರಲಿಲ್ಲ. ಏಳು ಹಾಕಿದ್ದೆ, ಬೇಗ ಇಳಿಸುವ ಆಸೆಗೆ ಕೆಲವು ಡ್ರೈವರುಗಳು ದಾರಿಯಲ್ಲಿ ಬಿಚ್ಚುತ್ತಾರೆ, ಅವನೂ ಅವಸರದವನೇ, ಅಂದೆ. ಅಧಿಕಾರಿ ಬರೆದುಕೊಂಡ. ಹೆತ್ತ ತಾಯಿಯೇ ಹೇಳಿದ ಮೇಲೆ ಯಾರು ಅನುಮಾನಪಡುತ್ತಾರೆ. ಸತ್ತವನಿಗೆ ನಾಲಿಗೆಯಿಲ್ಲ. ಚಾಲಕನ ನಿರ್ಲಕ್ಷ್ಯ ಅಂತ ಕಡತ ಮುಚ್ಚಿದರು. ಗಡಿಯಾರ ನನ್ನ ಭುಜ ತಟ್ಟಿ ಎರಡು ದಿನ ರಜೆ ಕೊಟ್ಟ.

ನೀನು ಒಂಬತ್ತನೇ ವಯಸ್ಸಿನಲ್ಲಿ ಶಾಲೆಯಿಂದ ಬಂದು ಕೇಳಿದ್ದೆ, ಅಪ್ಪ ಯಾಕೆ ಬಿಚ್ಚಿದ ಅಂತ. ಯಾರೋ ಹುಡುಗಿ ಆಡಿಕೊಂಡಿದ್ದಳು. ಆಗ ನಿಜ ಹೇಳಬಹುದಿತ್ತು, ಯಾವ ಅಧಿಕಾರಿಯೂ ಇರಲಿಲ್ಲ, ನಾನು ನೀನು ಇಬ್ಬರೇ. ನಾನು ಬಟ್ಟೆ ಮಡಿಸುತ್ತಾ ಅವನಿಗೆ ಅವಸರ ಜಾಸ್ತಿ ಇತ್ತು ಮಗಳೇ ಅಂದೆ. ಸಂಜೆ ನೋಡಿದರೆ ಗೋಡೆಯ ಮೇಲಿನ ಅವನ ಫೋಟೋ ಇರಲಿಲ್ಲ, ನೀನು ಅದನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ ಮುಖ ಕೆಳಗಾಗಿ ಇಟ್ಟಿದ್ದೆ. ನಾನು ತೆಗೆದು ಮತ್ತೆ ತೂಗುಹಾಕಲಿಲ್ಲ. ನನಗೆ ಒಳಗೊಳಗೇ ಹಗುರವಾಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನನ್ನು ನಾನು ಮೊದಲ ಸಲ ಕೊಂದಿದ್ದು ಮರೆವಿನಿಂದ ಅನ್ನಬಹುದು, ಎರಡನೇ ಸಲ ಕೊಂದಿದ್ದು ಬಟ್ಟೆ ಮಡಿಸುತ್ತಾ. ಅವನು ಅವಸರದವನಲ್ಲ, ಕೊಕ್ಕೆ. ಟೀ ಕುಡಿಯಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ. ನಿನಗೆ ಚಪ್ಪಲಿ ಹಾಕಿ, ಬಿಚ್ಚಿ, ಒಳಗೆ ಕಲ್ಲಿದೆಯೇ ಅಂತ ನೋಡಿ, ಮತ್ತೆ ಹಾಕುತ್ತಿದ್ದ.

ನಮ್ಮ ಮನೆ ಕಿಟಕಿಗೆ ಪರದೆ ಯಾಕಿಲ್ಲ, ಬೀದಿಯವರೆಲ್ಲ ನಮ್ಮನ್ನು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ ಅಂತ ನೀನು ಜಗಳ ಮಾಡುತ್ತಿದ್ದೆ. ಒಗೆಯಲು ಮೈಗಳ್ಳತನ ಅಂತ ನಾನು ಸುಳ್ಳು ಹೇಳುತ್ತಿದ್ದೆ. ಪರದೆ ಎಳೆದಿದ್ದರೆ ಅದರ ಹಿಂದೆ ಏನು ನಿಂತಿದೆ ಅಂತ ನೋಡದೆ ನನಗೆ ಕೂರಲಾಗುವುದಿಲ್ಲ. ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಅವನು ಹೊರಟ ಹೊತ್ತಿಗೆ, ನನಗೆ ಬೆಲ್ಟಿನ ಹಿಡಿಕೆಯ ಸದ್ದು ಕೇಳಿಸುತ್ತದೆ. ಕಟ್ ಕಟ್ ಕಟ್ ಅಂತ ಒಂದು ಬಿಗಿಯುತ್ತದೆ, ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಅಲ್ಲಿಗೆ ನಿಲ್ಲುತ್ತದೆ. ಮೊದಮೊದಲು ಕೆಳಗಿನ ದರ್ಜಿಯ ಯಂತ್ರ ಅಂದುಕೊಂಡೆ. ಅವನು ಒಂದು ತಿಂಗಳು ಅಂಗಡಿ ಮುಚ್ಚಿ ಊರಿಗೆ ಹೋದಾಗಲೂ ಬಂತು. ನಾನು ತಟ್ಟೆ ತೊಳೆಯುತ್ತಿದ್ದರೆ ಕೈ ನಿಲ್ಲಿಸಿ ಐದನೆಯದಕ್ಕೆ ಕಾಯುತ್ತೇನೆ. ಕೆಲವು ದಿನ ಅವನೂ ಬರುತ್ತಾನೆ. ಮಂಚದ ಕೊನೆಯಲ್ಲಿ ಬೆನ್ನು ಹಾಕಿ ಕೂರುತ್ತಾನೆ, ಅಂಗಿ ಪೂರ್ತಿ ನೆನೆದಿರುತ್ತದೆ, ಎದ್ದು ಹೋದ ಮೇಲೆ ಮುಟ್ಟಿ ನೋಡಿದರೆ ಹಾಸಿಗೆ ಒಣಗೇ ಇರುತ್ತದೆ. ದೆವ್ವ ಅನ್ನಬೇಡ, ನನ್ನ ಮಗ. ನಾನು ಮಾತಾಡಿಸುತ್ತೇನೆ, ನಿನ್ನ ಸುದ್ದಿ ಹೇಳುತ್ತೇನೆ, ಟವೆಲ್ಲು ಕೊಡಲೇ ಅಂತ ಕೇಳುತ್ತೇನೆ. ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನಾನು ಎಂದೋ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಮುದುಕಿಗೆ ಅರಳುಮರಳು ಅಂತ ಡಾಕ್ಟರಿಗೆ ಫೋನು ಮಾಡಬೇಡ, ನನ್ನ ಲೆಕ್ಕಾಚಾರ, ಬಾಯಿ ಎರಡೂ ಸರಿಯಾಗೇ ಇವೆ.

ನಿನ್ನ ಕಾಗದ ಬಂದ ದಿನ ಅದನ್ನು ಅವನಿಗೆ ಓದಿ ಹೇಳಿದೆ. ಮೇಡಂ ಆಗಿದ್ದಾಳೆ ನೋಡೋ ಅಂತ ಮೊದಲ ಹಾಳೆ ಓದಿದೆ, ಸಂತೋಷದಲ್ಲಿ ಮುಂದೇನಿದೆ ಅಂತ ನೋಡದೆ ಎರಡನೆಯದನ್ನೂ ಜೋರಾಗಿ ಓದತೊಡಗಿದೆ. ಅಪ್ಪ ಒಂದು ಉಪಯೋಗಕ್ಕೆ ಬಂದ ಅನ್ನುವಲ್ಲಿಗೆ ಹಾಳೆ ಕೆಳಗಿಟ್ಟೆ. ತಲೆಯೆತ್ತಿದರೆ ಮಂಚ ಖಾಲಿ. ಅವತ್ತಿನಿಂದ ಅವನು ಬಂದಿಲ್ಲ. ಸದ್ದೂ ಇಲ್ಲ. ಇಷ್ಟು ವರ್ಷ ಆ ಸದ್ದು ನಿಲ್ಲಲಿ ಅಂತ ಬೇಡಿಕೊಂಡವಳು ನಾನು, ಈಗ ಮೂರು ಗಂಟೆಯಾದರೆ ಕಿವಿ ನಿಮಿರಿಸಿ ಕೂರುತ್ತೇನೆ. ಬೀದಿಯಲ್ಲಿ ಸೈಕಲ್ಲು ಹೋಗುತ್ತದೆ, ಎದುರುಮನೆಯ ನಲ್ಲಿ ಸೋರುತ್ತದೆ, ಅಷ್ಟೇ. ಅವನಿಗೆ ನನ್ನ ಸುಳ್ಳು ಮೊದಲಿಂದಲೂ ಗೊತ್ತಿತ್ತು, ತಡೆದುಕೊಂಡಿದ್ದ. ಮಗಳೂ ಅದನ್ನೇ ನಂಬಿ ಊರಿಗೆಲ್ಲ ಹೇಳುತ್ತಿದ್ದಾಳೆ ಅನ್ನುವುದನ್ನು ತಡೆದುಕೊಳ್ಳಲು ಆಗಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಸತ್ತವರಿಗೂ ಒಂದು ಮಿತಿ ಇರುತ್ತದೆ.

ನಾನು ಸುಮ್ಮನೆ ಅತ್ತು ಕೂತಿಲ್ಲ. ಹೋದ ಗುರುವಾರ ಎರಡು ಬಸ್ಸು ಬದಲಿಸಿ ವಿಚಾರಣೆಯ ಕಚೇರಿಗೆ ಹೋದೆ. ಕನ್ನಡಕದವನು ನಿವೃತ್ತನಾಗಿ ಎಷ್ಟೋ ವರ್ಷವಾಗಿದೆ. ಅವನ ಜಾಗದಲ್ಲಿರುವ ಹೆಂಗಸು ಹಳೆಯ ಕಡತ ತರಿಸಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಸಹಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ ಅಜ್ಜಿ ಅಂದಳು. ಬೆಲ್ಟು ಬಿಗಿಯುವ ಮೊದಲೇ ಸಹಿ ಹಾಕಿ ಕೆಟ್ಟವಳು ನಾನು, ಈ ಸಲ ಪೂರ್ತಿ ಓದಿಯೇ ಹಾಕುತ್ತೇನೆ ಅಂದೆ. ಕರೆದರೆ ಹೋಗುತ್ತೇನೆ. ಎಪ್ಪತ್ನಾಲ್ಕಾದವಳನ್ನು ಹಿಡಿದು ಏನು ಮಾಡುತ್ತಾರೋ ಅದು ಅವರ ತಲೆನೋವು. ಚಾಲಕನ ನಿರ್ಲಕ್ಷ್ಯ ಅನ್ನುವ ಎರಡು ಪದ ಹೊಡೆದುಹಾಕಿ ಅಂತ ಮಾತ್ರ ಕೇಳಿಕೊಂಡಿದ್ದೇನೆ. ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ನಿನ್ನ ತರಗತಿ ಮಾತ್ರ ನಿನ್ನ ಕೈಯಲ್ಲಿದೆ. ಮುಂದಿನ ತಂಡಕ್ಕೆ ಕಥೆ ಹೇಳುವಾಗ ನನ್ನದನ್ನು ಹೇಳು. ಬೆಲ್ಟು ಬಿಗಿಯುವ ಒಬ್ಬ ಹೆಂಗಸಿದ್ದಳು, ಮೂರು ಬೆಲ್ಟು ಬಾಕಿ ಇರುವಾಗಲೇ ಪರದೆ ಹಾಕಿದಳು ಅಂತ ಹೇಳು. ಅವಳು ನನ್ನಜ್ಜಿ ಅಂತಲೂ ಹೇಳು, ನನಗೆ ಬೇಸರವಿಲ್ಲ. ಪರದೆ ಯಾರು ಹಾಕಿದರೂ, ಹೆತ್ತಮ್ಮನೇ ಹಾಕಿದರೂ, ಇಪ್ಪತ್ತನಾಲ್ಕು ಬಕಲ್ಲನ್ನೂ ತೆಗೆದು ಒಳಗೆ ನೋಡಿ ಅಂತ ಆ ಮಕ್ಕಳಿಗೆ ಕಲಿಸು. ಯಾರಿಗೂ ಅವಮಾನವಾಗುವುದಿಲ್ಲ. ಆದರೂ ಆಗಲಿ.

ನಿನ್ನ ಜೊತೆ ಪಾಠ ಮಾಡುವವರಿಗೆಲ್ಲ ನನ್ನ ನಮಸ್ಕಾರ. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಊಟ ಬಿಡಬೇಡ. ಉತ್ತರ ಬರೆಯುತ್ತೀಯೋ ಇಲ್ಲವೋ ನಿನಗೆ ಬಿಟ್ಟಿದ್ದು, ಬರೆಯದಿದ್ದರೂ ನೀನು ಚೆನ್ನಾಗಿರಬೇಕು ಅಂತಲೇ ನಾನು ದಿನಾ ಎದ್ದು ಕೂರುವುದು. ನೂರು ಕಾಲ ಬಾಳು.

ನಿನ್ನ
ಅಜ್ಜಿ

ಮರೆತಿದ್ದು: ಮರೆತಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ಲಕೋಟೆಗೆ ಅಂಟು ಹಚ್ಚಿ ದರ್ಜಿಯ ಕೈಗೆ ಕೊಡಲು ಬಾಗಿಲವರೆಗೆ ಹೋದವಳು ವಾಪಸ್ಸು ಬಂದು ಹರಿದು ತೆಗೆದಿದ್ದೇನೆ. ಅವನು ಕೆಳಗೆ ಕಾಯುತ್ತಿದ್ದಾನೆ, ಅದಕ್ಕೆ ಅಕ್ಷರ ಹೀಗಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಕಚೇರಿಯ ಹೆಂಗಸಿಗೂ ಅದನ್ನೇ ಹೇಳಿದ್ದೆ, ನಾಳೆ ಮತ್ತೆ ಹೋಗಿ ತಿದ್ದಿಸುತ್ತೇನೆ. ಗಾಡಿ ಗೇಟು ದಾಟಿದ ಮೇಲೆ ನಾನು ತಿರುಗಿದ್ದಲ್ಲ. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಕೂಗಲೂ ಇಲ್ಲ. ಅವನು ಗಾಡಿ ನಿಲ್ಲಿಸಿದ, ಗಾಜು ಇಳಿಸಿದ, ಆ ಮಳೆಯಲ್ಲಿ ತಲೆ ಹೊರಗೆ ಹಾಕಿ ಕೇಳಿದ, ಅಮ್ಮಾ, ಎಲ್ಲಾ ಬಿಗಿದಾಯ್ತಾ, ಇಳಿದು ಒಂದ್ಸಲ ನೋಡ್ಲಾ ಅಂತ. ಮತ್ತೆ ತೆರೆದರೆ ಅರ್ಧ ಗಂಟೆ ಹಿಡಿಯುತ್ತಿತ್ತು, ಗಡಿಯಾರ ಆಫೀಸಿನ ಮೆಟ್ಟಿಲ ಮೇಲೆ ನಿಂತು ಕೈ ನೋಡಿಕೊಳ್ಳುತ್ತಿದ್ದ, ನಾಲ್ಕು ಬೆಲ್ಟು ಸಾಕು, ಹೇಗೋ ಹೋಗುತ್ತದೆ ಅಂದುಕೊಂಡು ನಾನು ಆಯ್ತಪ್ಪ, ನೀನು ಹೊರಡು ಅಂದೆ. ನಿನ್ನಪ್ಪ ಕೇಳದೆ ಹೊರಟವನಲ್ಲ, ಕೊಕ್ಕೆ. ಕೇಳಿಯೇ ಹೊರಟ.